ದವಾಖಾನೆಗೆ ಬಾರದವರ ಪರವಾಗಿ: ಆಳಂದ, ಅಫಜಲಪುರ, ಜೇವರ್ಗಿ ಜನರ ಪ್ರಣಾಳಿಕೆ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ವಿದೇಶದಿಂದ ಮರಳಿದ್ದ ಅವರಿಗೆ ಜ್ವರ, ಕೆಮ್ಮು ಹಿಡಿದಿತ್ತು. ಗಂಟಲು ದ್ರವವನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಲಾಗಿತ್ತು. ಕೊರೊನಾ ಹೌದು ಎಂಬ ವರದಿ ಹೊರಬಿದ್ದದ್ದು ಮಾರ್ಚ್ 12ರಂದು. ದೇಶದ ಮೊದಲ ಕೊರೊನಾ ಸಾವು ನಮ್ಮ ಜಿಲ್ಲೆಯ ಹೆಸರಿನಲ್ಲಿ ದಾಖಲಾಯಿತು.

ಆ ಹೊತ್ತಿಗೆ ಕಲಬುರಗಿ ನಗರದಲ್ಲಿ ವೈದ್ಯಕೀಯ ಕಾಲೇಜುಗಳಿಗೇನೂ ಬರವಿರಲಿಲ್ಲ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ಕಾಲೇಜಿತ್ತು, 2000ದಲ್ಲಿ ಬಂದ ಖಾಜಾ ಬಂದಾನವಾಜ್ ಕಾಲೇಜಿತ್ತು, 2013ರ ಆಸುಪಾಸಿನ ಜಿಮ್ಸ್ ಮತ್ತು ಇಎಸ್‌ಐ ಕಾಲೇಜುಗಳಿದ್ದವು. ಹೊರದೇಶದಿಂದ ಹೊಸ ರೋಗ ಬರುವುದಿದೆ ಎಂದು ಮುಂಚೆಯೇ ಲೆಕ್ಕ ಹಾಕಿ, ಬಂದವರನ್ನು ಅಂದೇ ಪರೀಕ್ಷಿಸಿ, ಯಾರು ಯಾರ ಜೊತೆ ಕೂತರು, ಉಂಡರು ಎಂಬ ಪಟ್ಟಿಯನ್ನು ಅದೇ ಸಂಜೆ ಕೈಗೆ ಕೊಡುವ ಏರ್ಪಾಡು ಮಾತ್ರ ಇರಲಿಲ್ಲ. ಪ್ರಯೋಗಾಲಯ ಆಮೇಲೆ ಬಂತು. ನಮ್ಮ ಭಾಗದಲ್ಲಿ ಎಲ್ಲವೂ ಆಮೇಲೆಯೇ ಬರುತ್ತದೆ. ಅದಕ್ಕೊಂದು ಸಾವು ಮುಂಗಡವಾಗಿ ಸಲ್ಲಬೇಕು.

ಈ ಪ್ರಣಾಳಿಕೆ ಬರೆಯುತ್ತಿರುವ ನಾವು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನವರು. ಜೇವರ್ಗಿ ಎಂದಲ್ಲೆಲ್ಲ ಯಡ್ರಾಮಿಯನ್ನೂ ಸೇರಿಸಿ ಓದಿಕೊಳ್ಳಿ. ತಾಲ್ಲೂಕು ಬೇರೆಯಾಗಿದೆ, ಬೀಗತನ ಬೇರೆಯಾಗಿಲ್ಲ. ನಮ್ಮಲ್ಲಿ ತೊಗರಿ ಬೆಳೆಯುವವರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಕನ್ನಡ ಶಾಲೆಯ ಮಾಸ್ತರರಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ, ಪುಣೆ, ಮುಂಬೈಗೆ ಗುಳೆ ಹೋಗಿ ಬರುವವರಿದ್ದಾರೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ನಮ್ಮ ಮೂರೂ ತಾಲ್ಲೂಕುಗಳ ಹೆಸರು ಅದರಲ್ಲಿದೆ. ಆ ಪಟ್ಟಿಯನ್ನು ಮುಂದೆ ಹಿಡಿದು ದುಡ್ಡು ಕೇಳುವುದು ನಮ್ಮ ಮುಖಂಡರಿಗೂ ರೂಢಿಯಾಗಿದೆ. ದುಡ್ಡು ಬರುತ್ತದೆ, ಕಟ್ಟಡ ಏಳುತ್ತದೆ, ರಿಬ್ಬನ್ ಕತ್ತರಿಸಿದ ಮೇಲೆ ಬೀಗ ಬೀಳುತ್ತದೆ. ನಾವು ಕಟ್ಟಡ ಕೇಳಲು ಕೂಡಿದವರಲ್ಲ.

ಕಲಬುರಗಿ–ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರ ಕಾಯ್ದೆಯಿಂದ ಹುಟ್ಟಿ, ಆಳಂದ ತಾಲ್ಲೂಕಿನ ನೆಲದ ಮೇಲೆ ಬೆಳೆದದ್ದು. ಆ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರಮಾಣದ ಸಾರ್ವಜನಿಕ ಆರೋಗ್ಯ ಕಾಲೇಜು ಆಗಬೇಕು. ಅದರ ತರಗತಿ ಅರ್ಧ ಕಡಗಂಚಿಯಲ್ಲಿ, ಅರ್ಧ ನಮ್ಮ ಮೂರು ತಾಲ್ಲೂಕಿನ ಊರು, ತಾಂಡಾಗಳಲ್ಲಿ ನಡೆಯಬೇಕು. ನಮ್ಮ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಆಸ್ಪತ್ರೆ ಯಾಕೆ ಕೇಳುತ್ತಿಲ್ಲ

ಮೊದಲ ಸಭೆಯಲ್ಲೇ ಎದ್ದ ಪ್ರಶ್ನೆ ಇದು. ರಾಯಚೂರಿನವರು ಏಮ್ಸ್ ಬೇಕೆಂದು 2022ರ ಮೇ ತಿಂಗಳಿಂದ ಧರಣಿ ಕೂತರು. ಅವರ ಬೇಡಿಕೆ ನ್ಯಾಯವಾದದ್ದು, ನಮ್ಮ ಬೆಂಬಲವಿದೆ. ಕಲಬುರಗಿಯಲ್ಲೇ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಹಾಸಿಗೆಯೂ 371. ಎದೆನೋವು ಬಂದವನನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊತ್ತೊಯ್ಯುವ ಪಾಡು ಇದರಿಂದ ಎಷ್ಟೋ ತಗ್ಗಿದೆ. ಯಾರೂ ಇದನ್ನು ಸಣ್ಣದೆನ್ನುವ ಹಾಗಿಲ್ಲ.

ಆದರೆ ಆ ಹಾಸಿಗೆಗೆ ಬಂದು ಮಲಗುವವನ ಕಥೆ ಹಿಂದಿನ ಇಪ್ಪತ್ತು ವರ್ಷದಲ್ಲಿ ನಡೆದಿರುತ್ತದೆ. ಬಿ.ಪಿ. ಇದ್ದದ್ದು ಗೊತ್ತಿಲ್ಲ, ಗೊತ್ತಾದ ಮೇಲೂ ತಲೆ ತಿರುಗಿದ ದಿನ ಮಾತ್ರ ಗುಳಿಗಿ, ಬಾಯಲ್ಲಿ ತಂಬಾಕು, ಬೇಸಿಗೆಯಲ್ಲಿ ಹೊಲದಲ್ಲಿ ಹನ್ನೆರಡು ಗಂಟೆಯವರೆಗೆ ದುಡಿಮೆ. ಆಸ್ಪತ್ರೆ ಬಾಗಿಲಿಗೆ ಬಂದವನನ್ನು ನೋಡುತ್ತದೆ. ಅದು ಅದರ ಧರ್ಮ. ಬಾಗಿಲಿಗೆ ಬಾರದ ಹತ್ತು ಮಂದಿಯನ್ನು ನೋಡುವುದು ಯಾರ ಕೆಲಸ? ವೈದ್ಯರು ಕೇಳುವುದು ನಿನಗೇನಾಗಿದೆ ಎಂದು. ಇದೇ ಓಣಿಯ ಇಷ್ಟು ಮಂದಿಗೆ ಯಾಕಾಗಿದೆ ಎಂದು ಕೇಳುವ ಬೇರೆ ವಿದ್ಯೆಯೊಂದಿದೆ. ಅದಕ್ಕೆ ಬೇರೆ ಓದು ಬೇಕು, ಬೇರೆ ಸಲಕರಣೆ ಬೇಕು, ಮುಖ್ಯವಾಗಿ ಕಾಲ್ನಡಿಗೆ ಬೇಕು. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳು ಈ ಕೆಲಸವನ್ನು ಒಂದಿಷ್ಟು ಮಾಡುತ್ತಿವೆ, ಅಲ್ಲಿ ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಆದರೆ ಎಂಬಿಬಿಎಸ್ ಓದುವ ಹುಡುಗರಿಗೆ ಅದು ಪಾಸಾಗಬೇಕಾದ ಹಲವು ವಿಷಯಗಳಲ್ಲಿ ಒಂದು. ಮುಂದೆ ಅವರ ಕಣ್ಣೆಲ್ಲ ಪಿ.ಜಿ. ಸೀಟಿನ ಮೇಲೆ.

ನಾರುಹುಣ್ಣು ಹೋದದ್ದು ಹೇಗೆ

ಗುಳಿಗಿ, ಸೂಜಿ ಇಲ್ಲದೆ ರೋಗ ಓಡಿಸಬಹುದು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಅರವತ್ತು ದಾಟಿದವರನ್ನು ಕೇಳಿ ನೋಡಿ. ಹೈದರಾಬಾದ್ ಕರ್ನಾಟಕದ ಮೆಟ್ಟಿಲ ಬಾವಿಯ ಊರುಗಳಲ್ಲಿ ನಾರುಹುಣ್ಣು ಕಾಣದ ಮನೆಗಳು ಕಡಿಮೆಯಿದ್ದವು. ಕಾಲಿನ ಮೇಲೆ ಗುಳ್ಳೆ ಏಳುತ್ತಿತ್ತು, ಉರಿ ತಾಳಲಾರದೆ ಮನುಷ್ಯ ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುತ್ತಿದ್ದ. ಗುಳ್ಳೆ ಒಡೆದು ಬಿಳಿ ನೂಲಿನಂಥ ಹುಳು ತಲೆ ಹಾಕುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಎಳೆಯಬೇಕು. ಅವಸರ ಮಾಡಿದರೆ ಹುಳು ಒಳಗೇ ಹರಿದು ಕಾಲು ಬಾತು ಕೀವು ಕಟ್ಟುತ್ತಿತ್ತು. ಮೀಟರು ಉದ್ದದ ಹುಳು ಪೂರ್ತಿ ಹೊರಬರಲು ವಾರಗಟ್ಟಲೆ ಬೇಕಾಗಿ, ಬಿತ್ತನೆಯ ಹದ ಕೈಬಿಟ್ಟು ಹೋಗುತ್ತಿತ್ತು.

ಇದಕ್ಕೆ ಔಷಧಿಯಿರಲಿಲ್ಲ, ಲಸಿಕೆಯಿರಲಿಲ್ಲ, ಇವತ್ತಿಗೂ ಇಲ್ಲ. ಇದ್ದದ್ದು ತಿಳಿವಳಿಕೆ ಮಾತ್ರ. ನೀರಿಗಿಳಿದ ಕಾಲಿನಿಂದ ಹುಳುವಿನ ಮರಿಗಳು ಹೊರಬೀಳುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣ ನೀರಹುಳಗಳು ಅವನ್ನು ನುಂಗುತ್ತವೆ, ಆ ನೀರು ಕುಡಿದವನ ಮೈಯಲ್ಲಿ ವರ್ಷದೊಳಗೆ ಹೊಸ ಹುಳು ಬೆಳೆಯುತ್ತದೆ. ಈ ಚಕ್ರವನ್ನು ಎಲ್ಲಿ ಬೇಕಾದರೂ ಮುರಿಯಬಹುದಿತ್ತು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಮನೆಮನೆಗೆ ಹೋಗಿ ರೋಗಿಗಳನ್ನು ಎಣಿಸಿದರು. ಮೆಟ್ಟಿಲ ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಹೇಳುತ್ತಾ ಊರೂರು ಅಲೆದರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣುಮುಕ್ತ ಎಂಬ ಪ್ರಮಾಣಪತ್ರ ಕೊಟ್ಟಿತು.

ಒಂದು ಸಂಗತಿ ನಮ್ಮನ್ನು ಚುಚ್ಚುತ್ತದೆ. ಇಷ್ಟು ದೊಡ್ಡ ಗೆಲುವು ನಮ್ಮ ನೆಲದಲ್ಲೂ ನಡೆಯಿತು, ಆದರೆ ಯಾವ ಊರಿನ ಯಾವ ಬಾವಿ ಯಾವ ವರ್ಷ ಮುಚ್ಚಿತು, ಯಾರು ಒಪ್ಪಲಿಲ್ಲ, ಮಡಿ ಮೈಲಿಗೆಯ ಜಗಳ ಎಲ್ಲಿ ಎದ್ದಿತು, ಹೇಗೆ ತೀರಿತು ಎಂಬುದನ್ನು ಕಲಿಸುವ ಜಾಗ ನಮ್ಮ ಭಾಗದಲ್ಲಿಲ್ಲ. ಬಲ್ಲ ಹಿರಿಯ ಆರೋಗ್ಯ ಸಹಾಯಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕಾಲೇಜು ಬಂದರೆ ಅದರ ಮೊದಲ ಪಾಠ ಇವರ ಬಾಯಿಂದ ಬರಬೇಕು.

ಎಣಿಸಿದವರು ಯಾರು

ಎಣಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 2015ರ ಹೊತ್ತಿಗೆ ಕಲಬುರಗಿಯಲ್ಲಿ ಗರ್ಭಕೋಶ ತೆಗೆಯುವ ದಂಧೆ ಬಯಲಿಗೆ ಬಂತು. ಹೊಟ್ಟೆನೋವು, ಬಿಳಿಮುಟ್ಟು, ಸೊಂಟನೋವು ಎಂದು ಹೋದ ಹೆಂಗಸರಿಗೆ, ಅದರಲ್ಲೂ ತಾಂಡಾದ ಲಂಬಾಣಿ ಹೆಣ್ಣುಮಕ್ಕಳಿಗೆ, ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆಯಲಾಗುತ್ತಿತ್ತು. ಮೂವತ್ತು ತುಂಬದವರೂ ಅವರಲ್ಲಿದ್ದರು. ಸಾಲ ಮಾಡಿ, ಕಿವಿಯ ಬಂಗಾರ ಒತ್ತೆಯಿಟ್ಟು ಕೊಯ್ಯಿಸಿಕೊಂಡವರು ಆಮೇಲೆ ಕೂಲಿಗೆ ಬಗ್ಗಲಾರದೆ ಕೂತರು.

ಇದು ಮೊದಲು ಗೊತ್ತಾದದ್ದು ಯಾವ ಇಲಾಖೆಯ ರಿಜಿಸ್ಟರಿನಿಂದಲೂ ಅಲ್ಲ, ವಿಶ್ವವಿದ್ಯಾಲಯದ ಸಂಶೋಧನೆಯಿಂದಲೂ ಅಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಯವರು, ಮಹಿಳಾ ಕಾರ್ಯಕರ್ತೆಯರು ತಾಂಡಾ ತಾಂಡಾ ತಿರುಗಿ, ಹೆಂಗಸರ ಪಕ್ಕ ಕೂತು, ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಿದ್ದರಿಂದ. ಸಮಿತಿ, ತನಿಖೆ ಎಲ್ಲ ಆಮೇಲೆ. ಒಂದೇ ತಾಂಡಾದಲ್ಲಿ ಒಂದೇ ಶಸ್ತ್ರಚಿಕಿತ್ಸೆ ಇಷ್ಟೊಂದು ಹೆಂಗಸರಿಗೆ ಆಗಿದೆ ಎಂದರೆ ಯಾರಾದರೂ ಹುಬ್ಬೇರಿಸಬೇಕಿತ್ತು. ಹುಬ್ಬೇರಿಸಲು ಮೊದಲು ಆ ಅಂಕಿ ಯಾರದಾದರೂ ಮೇಜಿನ ಮೇಲೆ ಇರಬೇಕಲ್ಲ? ಹತ್ತಿರದಲ್ಲೇ ಸಾರ್ವಜನಿಕ ಆರೋಗ್ಯ ಕಾಲೇಜೊಂದಿದ್ದು, ಅದರ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಮನೆಮನೆಯ ಸಮೀಕ್ಷೆ ಮಾಡುತ್ತಿದ್ದರೆ ಎರಡನೆಯ ವರ್ಷದಲ್ಲೇ ಇದು ಕಣ್ಣಿಗೆ ಬೀಳುತ್ತಿತ್ತು ಎಂದು ನಾವು ನಂಬುತ್ತೇವೆ.

ಗದಗದಿಂದ, ಗಡಚಿರೋಲಿಯಿಂದ

ಇಂಥ ಓದಿನಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಹತ್ತಿರದ ಉತ್ತರ ಗದಗದಲ್ಲಿದೆ. 2016ರಲ್ಲಿ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯೂ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರು ಮಾಡಿತು. ಮೊಟ್ಟೆ ಬೇಡ ಎಂದು ಕೆಲವು ಮಠಾಧೀಶರು ಗಟ್ಟಿ ದನಿಯಲ್ಲಿ ಹೇಳಿದರು. ಕೊಟ್ಟರೆ ಶಾಲೆಗೆ ಮಕ್ಕಳನ್ನೇ ಕಳಿಸುವುದಿಲ್ಲ ಎಂದವರೂ ಉಂಟು. ಆ ಗದ್ದಲದ ನಡುವೆ ಗದಗದ ವಿಶ್ವವಿದ್ಯಾಲಯದವರು ತೂಕದ ಯಂತ್ರ, ಎತ್ತರದ ಪಟ್ಟಿ ಹಿಡಿದು ಹೊರಟರು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗಿನ ಮಕ್ಕಳನ್ನೂ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ, ಬೆಳವಣಿಗೆ ಮೇಲಾಗಿತ್ತು. 2022ರಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗೂ ಹೋಯಿತು. ನಂಬಿಕೆ ನಂಬಿಕೆಗೆ ಎದುರಾಗಿ ಕೂತ ಜಗಳದಲ್ಲಿ ಮಗುವಿನ ತೂಕವೇ ಸಾಕ್ಷಿ ನುಡಿಯಿತು. ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆಯೋ ನಮಗೆ ತಿಳಿಯದು.

ಇನ್ನೊಂದು ಕಥೆ ಸುತ್ತು ಬಳಸಿ ನಮ್ಮ ಮನೆಗೇ ಬರುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ರಾಕ್‌ಫೆಲ್ಲರ್ ಹಣದಿಂದ 1916ರಲ್ಲಿ ಹುಟ್ಟಿದ ಜಾನ್ಸ್ ಹಾಪ್ಕಿನ್ಸ್ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ 1980ರ ದಶಕದಲ್ಲಿ ಮಹಾರಾಷ್ಟ್ರದ ಡಾಕ್ಟರ್ ದಂಪತಿ ಅಭಯ್ ಬಂಗ್, ರಾಣಿ ಬಂಗ್ ಓದಿದರು. ಓದು ಮುಗಿಸಿ ಬಂದು ನೆಲೆಸಿದ್ದು ಗಡಚಿರೋಲಿಯ ಕಾಡಿನಂಚಿನಲ್ಲಿ. ಅಲ್ಲಿ ಕೂಸುಗಳ ಸಾವನ್ನು ಊರೂರಲ್ಲಿ ಎಣಿಸುವ ಕೆಲಸ ಮಾಡಿದರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಬಾಣಂತಿ ಮನೆಗೆ ಕಳಿಸಿದರೆ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯುತ್ತದೆ ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದರು. 2011ರಲ್ಲಿ ಆ ಪದ್ಧತಿ ದೇಶದ ಆಶಾ ಕಾರ್ಯಕರ್ತೆಯರ ಕೆಲಸವಾಯಿತು.

ಇವತ್ತು ನಿಂಬರ್ಗಾದಲ್ಲೋ ಕರಜಗಿಯಲ್ಲೋ ನೆಲೋಗಿಯಲ್ಲೋ ಗುಲಾಬಿ ಸೀರೆಯ ಆಶಾ ಅಕ್ಕ ಬಾಣಂತಿ ಕೋಣೆಗೆ ಬರುತ್ತಾಳಲ್ಲ, ಅದು ಆ ದಾರಿಯಿಂದ ಬಂದದ್ದು. ಹೆರಿಗೆ ದವಾಖಾನೆಯಲ್ಲಾಗಿದ್ದರೆ 3, 7, 14, 21, 28, 42ನೆಯ ದಿನ, ಆರು ಸಲ ಬರಬೇಕು. ಆಕೆ ಸಾಬೂನು ಹಚ್ಚಿ ಕೈ ತೊಳೆದು, ಕೂಸನ್ನು ಬಟ್ಟೆಯಲ್ಲಿ ಮಲಗಿಸಿ, ಬಟ್ಟೆಯನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ಮೆಲ್ಲಗೆ ಎತ್ತುತ್ತಾಳೆ. ಅಜ್ಜಿ ಮೂಲೆಯಿಂದ, “ದೃಷ್ಟಿ ಆಗ್ತದವ್ವಾ, ತೂಕ ಮಾಡಬ್ಯಾಡ,” ಎನ್ನುತ್ತಾಳೆ. ಆಕೆ ನಗುತ್ತಲೇ ಮುಳ್ಳು ನೋಡುತ್ತಾಳೆ. ಎರಡೂವರೆ ಕಿಲೋಗೆ ಕಡಿಮೆ ಇದ್ದರೆ ನಗು ನಿಲ್ಲುತ್ತದೆ, ಕೂಸನ್ನು ಎದೆಗವಚಿಕೊಂಡು ಬೆಚ್ಚಗಿಡುವುದು ಹೇಗೆಂದು ತಾಯಿಗೆ ತೋರಿಸುತ್ತಾಳೆ, ಫಾರ್ಮ್ ತುಂಬುತ್ತಾಳೆ. ಆ ಫಾರ್ಮ್ ಉಪಕೇಂದ್ರಕ್ಕೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ, ದೆಹಲಿಗೆ ಹೋಗುತ್ತದೆ. ಮರಳಿ ಊರಿಗೆ ಮಾತ್ರ ಬರುವುದಿಲ್ಲ. ನಮ್ಮ ಊರಲ್ಲಿ ಹೋದ ವರ್ಷ ಕಡಿಮೆ ತೂಕದ ಕೂಸು ಎಷ್ಟು ಹುಟ್ಟಿದವು ಎಂದು ಪಂಚಾಯಿತಿ ಅಧ್ಯಕ್ಷರನ್ನು ಕೇಳಿ ನೋಡಿ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು, ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನತೆಯಿದೆ. ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಡಗಂಚಿಯಲ್ಲಿ ಎಷ್ಟು, ಪಕ್ಕದ ತಾಂಡಾದಲ್ಲಿ ಎಷ್ಟು, ಊರ ಮುಂದಿನ ಕೇರಿಯಲ್ಲಿ ಎಷ್ಟು ಎಂದು ಹೇಳುವುದು ಅದರ ಕೆಲಸವಲ್ಲ. ಅದು ನಾವು ಕೇಳುತ್ತಿರುವ ಕಾಲೇಜಿನ ಕೆಲಸ.

ಚರಿತ್ರೆಯ ಒಂದು ಮಾತು ಹೇಳಿ ಮುಂದೆ ಹೋಗೋಣ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಲ್ಲಿ ಶುರುವಾಯಿತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಫೌಂಡೇಷನ್ ನೆರವಿನಿಂದ ಆಗಿನ ಕ್ಲೋಸ್‌ಪೇಟೆ, ಈಗಿನ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದು ಸಿಬ್ಬಂದಿಗೆ ಹಳ್ಳಿಯಲ್ಲೇ ತರಬೇತಿ ಕೊಟ್ಟಿತು. ನಾವು ಆಗ ನಿಜಾಮರ ಆಳ್ವಿಕೆಯಲ್ಲಿದ್ದೆವು. ಈಗ ಮಣಿಪಾಲ, ಮೈಸೂರು, ಬೆಳಗಾವಿ, ಬೆಂಗಳೂರಿನಲ್ಲಿ ಈ ಓದಿದೆ, ಬಹುಪಾಲು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ನಮ್ಮ ಮಕ್ಕಳ ಕೈಗೆಟುಕದ ಶುಲ್ಕದಲ್ಲಿ. ರೋಗದ ಹೊರೆ ಎಲ್ಲಿ ಹೆಚ್ಚೋ ಅಲ್ಲಿ ಶಾಲೆ ಕಡಿಮೆ.

ನಮಗೆ ಬೇಕಾದ ಕಾಲೇಜು

ಮೊದಲಿಗೆ ಭಾಷೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುತ್ತಾರೆ, ಬರಲಿ. ಆದರೆ ಮೊದಲ ಆರು ತಿಂಗಳೊಳಗೆ ಕನ್ನಡದಲ್ಲಿ ಒಬ್ಬ ಅಜ್ಜಿಯ ಕೆಮ್ಮಿನ ಕಥೆ ಕೇಳಿ ಬರೆಯಲು ಬಾರದವರಿಗೆ ಕ್ಷೇತ್ರ ಕೆಲಸದ ಅಂಕ ಕೊಡಬಾರದು. ಆಳಂದ ಪಟ್ಟಣದ ಓಣಿಯಲ್ಲಿ ದಖನಿ ಬೇಕು, ತಾಂಡಾದಲ್ಲಿ ಲಂಬಾಣಿ, ಖಜೂರಿ, ಹಿರೋಳಿ ಕಡೆಯ ಗಡಿಯಲ್ಲಿ ಮರಾಠಿ. ಒಂದಾದರೂ ಹೆಚ್ಚಿನ ಭಾಷೆ ಬಲ್ಲ ಸ್ಥಳೀಯರನ್ನು ಕ್ಷೇತ್ರ ಬೋಧಕರೆಂದು ನೇಮಿಸಿಕೊಳ್ಳಬೇಕು. ಅವರಿಗೆ ಡಿಗ್ರಿ ಇಲ್ಲದಿದ್ದರೂ ಸರಿ, ಸಂಬಳ ಮಾತ್ರ ಬೋಧಕರದೇ ಆಗಬೇಕು.

ಎರಡನೆಯದು ಸೀಟು. 371(ಜೆ) ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗಿದೆ. ಆ ಪಾಲು ಕೇಂದ್ರೀಯ ವಿಶ್ವವಿದ್ಯಾಲಯದ ಗೇಟಿನ ಹೊರಗೆ ನಿಲ್ಲಬಾರದು. ನಮ್ಮ ದೊಡ್ಡ ಆಸೆ ಇನ್ನೊಂದಿದೆ. ಹತ್ತು, ಹದಿನೈದು ವರ್ಷ ಓಣಿ ತಿರುಗಿದ ಆಶಾ ಕಾರ್ಯಕರ್ತೆಗೂ ಉಪಕೇಂದ್ರದ ನರ್ಸಮ್ಮನಿಗೂ ಸರ್ಟಿಫಿಕೇಟಿನಿಂದ ಡಿಪ್ಲೊಮಾಗೆ, ಅಲ್ಲಿಂದ ಪದವಿಗೆ ಏರುವ ದಾರಿ ಇರಬೇಕು. ಊರಿನ ಪ್ರತಿ ಮನೆಯ ಬಾಗಿಲು ಬಲ್ಲವಳು ಕೊನೆಯ ತನಕ ಗೌರವಧನಕ್ಕೆ ಕೈಯೊಡ್ಡಿ ನಿಲ್ಲುವುದು, ನಿನ್ನೆ ಬಂದವನು ಆಕೆಯ ಮೇಲೆ ಮೇಲ್ವಿಚಾರಕನಾಗುವುದು ನಮಗೆ ಒಪ್ಪಿಗೆಯಿಲ್ಲ.

ಇನ್ನು ಪಾಠ. ಅದು ನಮ್ಮ ಹವೆ, ನೀರು, ಹೊಲದಿಂದ ಹುಟ್ಟಬೇಕು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಬಿಸಿಲು ಮನುಷ್ಯನನ್ನು ಕೊಲ್ಲುತ್ತದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಇಟ್ಟಿಗೆ ಭಟ್ಟಿಯವನಿಗೆ, ರಸ್ತೆ ಡಾಂಬರಿನವನಿಗೆ, ಕೆರೆ ಹೂಳು ತೆಗೆಯುವವಳಿಗೆ ಆ ವೇಳಾಪಟ್ಟಿ ಅನ್ವಯಿಸುವುದಿಲ್ಲ. ಬಿಸಿಲಿನಲ್ಲಿ ಬಿದ್ದು ಸತ್ತವನ ಮನೆಯವರು ‘ಹಾರ್ಟು’ ಎನ್ನುತ್ತಾರೆ, ಕಾಗದದಲ್ಲೂ ಹಾಗೇ ಆಗುತ್ತದೆ. ಹಾವಿನ ಕಡಿತವನ್ನು 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ಕಬ್ಬಿನ ಗದ್ದೆಯಲ್ಲಿ ಕಡಿಸಿಕೊಂಡವನು ಮೊದಲು ಹೋಗುವುದು ಮಂತ್ರ ಹಾಕುವವರ ಹತ್ತಿರ, ಅಲ್ಲಿ ಕಳೆಯುವ ಹೊತ್ತು ಯಾವ ವರದಿಯಲ್ಲೂ ಬರುವುದಿಲ್ಲ. ಮಂತ್ರದವರನ್ನೂ ಸೇರಿಸಿಕೊಂಡು, ಕಡಿತದಿಂದ ಸೂಜಿಯವರೆಗಿನ ಗಂಟೆಗಳನ್ನು ಅಳೆಯುವವರು ಬೇಕು.

ಭೀಮೆಯ ವಿಷಯಕ್ಕೆ ಬಂದರೆ, 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅಫಜಲಪುರ, ಜೇವರ್ಗಿಯ ನದಿದಂಡೆ ಊರುಗಳು ಮುಳುಗಿದವು. ಮಂದಿ ಕಾಳಜಿ ಕೇಂದ್ರ ಸೇರಿದರು. ಕೊರೊನಾ ಕಾಲದ ಶಾಲಾ ಕೋಣೆಯಲ್ಲಿ ಎಷ್ಟು ಮಂದಿ ಮಲಗಿದರು, ಬಿ.ಪಿ., ಸಕ್ಕರೆ ಗುಳಿಗಿ ನೀರಲ್ಲಿ ಹೋದವರಿಗೆ ಎಷ್ಟು ದಿನದ ಮೇಲೆ ಸಿಕ್ಕಿತು, ಬಸುರಿಯರು ಎಲ್ಲಿಗೆ ಹೋದರು? ಮುಂದಿನ ನೆರೆಯ ಹೊತ್ತಿಗೆ ಇದರ ಉತ್ತರ ಬೇಕಾಗುತ್ತದೆ.

ಗಡಿಯದ್ದು ಬೇರೆಯೇ ತಲೆನೋವು. ಆಳಂದ, ಅಫಜಲಪುರದ ಕಡೆಯ ಎಷ್ಟೋ ಮಂದಿಗೆ ಕಾಯಿಲೆ ಬಿದ್ದರೆ ನೆನಪಾಗುವುದು ಸೊಲ್ಲಾಪುರ. ಕೂಸು ಅಲ್ಲಿ ಹುಟ್ಟುತ್ತದೆ, ಮುದುಕ ಅಲ್ಲಿ ಸಾಯುತ್ತಾನೆ, ಲೆಕ್ಕ ಮಹಾರಾಷ್ಟ್ರಕ್ಕೆ ಸೇರುತ್ತದೆ. ಕೊರೊನಾದಲ್ಲಿ ಗಡಿಯ ಚೆಕ್‌ಪೋಸ್ಟ್‌ಗಳು ಬಿಗಿಯಾದಾಗ ಈ ಅವಲಂಬನೆ ಎಷ್ಟು ಆಳದ್ದು ಎಂದು ಗೊತ್ತಾಯಿತು. ಎರಡೂ ರಾಜ್ಯದ ಲೆಕ್ಕವನ್ನು ಒಂದೆಡೆ ಇಟ್ಟು ನೋಡುವ ಅಧಿಕಾರ, ಮುಲಾಜಿಲ್ಲದ ಸ್ವಾತಂತ್ರ್ಯ ಕೇಂದ್ರದ ವಿಶ್ವವಿದ್ಯಾಲಯಕ್ಕೆ ಸಿಕ್ಕಷ್ಟು ಸುಲಭವಾಗಿ ಬೇರೆ ಯಾರಿಗೂ ಸಿಗದು. ಕಡಗಂಚಿಯನ್ನೇ ನಾವು ಆರಿಸಿಕೊಂಡ ಕಾರಣಗಳಲ್ಲಿ ಇದೂ ಒಂದು.

ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯುವ ಷರತ್ತು ಒಂದಿದೆ. ನಮ್ಮ ಊರಿನಲ್ಲಿ ಸಂಗ್ರಹಿಸಿದ ಮಾಹಿತಿ ಇಂಗ್ಲಿಷ್ ಪತ್ರಿಕೆಗೆ ಹೋಗುವ ಮೊದಲು ಕನ್ನಡದಲ್ಲಿ ನಮ್ಮ ಗ್ರಾಮಸಭೆಗೆ ಬರಬೇಕು. ಯಾರ ಹೆಸರೂ ಬಯಲಾಗಬಾರದು, ಊರಿನ ಅಂಕಿ ಮಾತ್ರ ಬಯಲಾಗಬೇಕು. ರಕ್ತ ತೆಗೆದುಕೊಂಡು ಹೋದವರು ಫಲಿತಾಂಶ ತರದಿದ್ದರೆ ಆ ಊರಿಗೆ ಎರಡನೆಯ ಸಲ ಬರುವ ಹಾಗಿಲ್ಲ. ನಾವು ಇಷ್ಟು ವರ್ಷ ಪ್ರಶ್ನೆಗೆ ಉತ್ತರ ಕೊಟ್ಟೇ ಬಂದಿದ್ದೇವೆ. ಇನ್ನು ಪ್ರಶ್ನೆ ಯಾವುದಿರಬೇಕು ಎಂಬುದನ್ನೂ ನಾವು ಹೇಳುತ್ತೇವೆ.

ಓದಿದ ಮೇಲೆ ಕೆಲಸ ಎಲ್ಲಿದೆ

ಸಾರ್ವಜನಿಕ ಆರೋಗ್ಯ ಓದಿದವರಿಗೆ ಸರ್ಕಾರದಲ್ಲಿ ಗಟ್ಟಿಯಾದ ಹುದ್ದೆಯಿಲ್ಲದೆ ಕಾಲೇಜು ತೆರೆದರೆ ಅದು ಪದವಿ ಹಂಚುವ ಅಂಗಡಿಯಾಗುತ್ತದೆ. ಹುಡುಗ ಓದುತ್ತಾನೆ, ಯಾವುದೋ ಯೋಜನೆಯಲ್ಲಿ ಹನ್ನೊಂದು ತಿಂಗಳ ಗುತ್ತಿಗೆಗೆ ಸೇರುತ್ತಾನೆ, ಯೋಜನೆ ಮುಗಿದ ದಿನ ಬೆಂಗಳೂರಿನ ಬಸ್ ಹತ್ತುತ್ತಾನೆ. ತಮಿಳುನಾಡಿನಲ್ಲಿ 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯ್ದೆಯಿದೆ, ಆ ಕೆಲಸಕ್ಕೇ ಬೇರೆ ನಿರ್ದೇಶನಾಲಯವಿದೆ. ಪ್ರತಿ ರಾಜ್ಯದಲ್ಲೂ ಸಾರ್ವಜನಿಕ ಆರೋಗ್ಯದ ಪ್ರತ್ಯೇಕ ವೃಂದ ಇರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 2022ರಲ್ಲಿ ಕೇಂದ್ರ ಅದರ ಮಾರ್ಗಸೂಚಿಯನ್ನೂ ಹೊರಡಿಸಿತು. ಆದ್ದರಿಂದ ನಮ್ಮ ಹೋರಾಟ ದೆಹಲಿಯೊಂದರ ಮುಂದಲ್ಲ, ವಿಧಾನಸೌಧದ ಮುಂದೆಯೂ ನಡೆಯುತ್ತದೆ. ಕನಿಷ್ಠ ಪ್ರತಿ ತಾಲ್ಲೂಕಿಗೆ ಈ ಓದು ಓದಿದ ಒಬ್ಬ ಕಾಯಂ ಅಧಿಕಾರಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಸಹಾಯಕ ಬೇಕು. ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ಸಿ.ಸಿ. ರಸ್ತೆಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಮನುಷ್ಯರಿಗೂ ಕೊಟ್ಟರೆ ಮಂಡಳಿಯ ಕೈ ಬರಿದಾಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಸರ್ಕಾರದ ಮೇಲೆ ಹೊರೆ ಹಾಕಿ ನಾವು ಕಟ್ಟೆಯ ಮೇಲೆ ಕೂರುವಂತಿಲ್ಲ. ಜ್ವರಕ್ಕೆ ಹೋದಾಗ “ಸಲಾಯಿನ್ ಹಚ್ರಿ ಡಾಕ್ಟ್ರ” ಎಂದು ಹಟ ಹಿಡಿಯುವವರು ನಾವೇ. ಕಬ್ಬಿಣದ ಗುಳಿಗಿಯಿಂದ ಕೂಸು ಕಪ್ಪಾಗುತ್ತದೆ ಎಂದು ಸೊಸೆಯ ಗುಳಿಗಿಯನ್ನು ತಿಪ್ಪೆಗೆ ಎಸೆಯುವವರೂ ನಾವೇ. ಹದಿನೆಂಟು ತುಂಬದ ಹುಡುಗಿಯ ಲಗ್ನಕ್ಕೆ ಅಕ್ಷತೆ ಹಾಕಲು ಶಾಸಕರಿಂದ ಹಿಡಿದು ಸ್ವಾಮಿಗಳವರೆಗೆ ಎಲ್ಲರೂ ಹೋಗುತ್ತಾರೆ, ವಯಸ್ಸು ಯಾರೂ ಕೇಳುವುದಿಲ್ಲ. ವರ್ಷದೊಳಗೆ ಆ ಹುಡುಗಿ ರಕ್ತ ಕಡಿಮೆಯಾಗಿ ಜಿಲ್ಲಾಸ್ಪತ್ರೆ ಸೇರಿದರೆ ಹಣೆಬರಹ ಎನ್ನುತ್ತೇವೆ. ಈ ಚಳವಳಿಗೆ ಸೇರುವವರು ಇಂಥ ಲಗ್ನಕ್ಕೆ ಹೋಗುವುದಿಲ್ಲ. ಸ್ವಂತ ಅಣ್ಣನ ಮನೆಯದಾದರೂ ಸರಿ. ಇದೊಂದು ಷರತ್ತಿಗೆ ಸಭೆಯಲ್ಲಿ ಅತಿ ಹೆಚ್ಚು ತಕರಾರು ಬಂತು, ಅದಕ್ಕೇ ಇದನ್ನು ಬಿಡಲಿಲ್ಲ.

ಸಮೀಕ್ಷೆಗೆ ಬಂದ ವಿದ್ಯಾರ್ಥಿ ಯಾವ ಜಾತಿಯವನಾದರೂ ಒಳಗೆ ಕರೆದು ಕೂರಿಸಿ ನೀರು ಕೊಡುತ್ತೇವೆ. ಕೇರಿಯಿಂದ ಎಣಿಕೆ ಶುರು ಮಾಡಿದ್ದಕ್ಕೆ ಗೌಡರ ಓಣಿ ಮುನಿಸಿಕೊಳ್ಳಬಾರದು. ತಾಂಡಾ, ಕೇರಿ, ಗಡಿಯಂಚಿನ ಒಂಟಿ ಮನೆಗಳು ಯಾವಾಗಲೂ ಕೊನೆಗೆ ಎಣಿಸಿಕೊಂಡಿವೆ, ಅಥವಾ ಎಣಿಸಿಕೊಂಡೇ ಇಲ್ಲ.

ಕಾಲೇಜು ಬರುವವರೆಗೆ ಕಾಯುವುದೂ ಬೇಡ. ಮೊದಲ ಕೆಲಸ ಈ ವರ್ಷವೇ ಶುರುವಾಗುತ್ತದೆ. ಪ್ರತಿ ಊರಿಗೆ ಒಂದು ನೂರು ಪುಟದ ವಹಿ. ಹಿಂದಿನ ಯುಗಾದಿಯಿಂದ ಈ ಯುಗಾದಿಯವರೆಗೆ ಊರಲ್ಲಿ ಸತ್ತವರೆಷ್ಟು. ವಯಸ್ಸೆಷ್ಟು, ಹೆಣ್ಣೋ ಗಂಡೋ. ಕಾಯಿಲೆ ಬಿದ್ದಾಗ ಮೊದಲು ಯಾರ ಹತ್ತಿರ ಹೋದರು, ಅಲ್ಲಿಂದ ಎಲ್ಲಿಗೆ, ಗಾಡಿ ಸಿಗಲು ಎಷ್ಟು ಹೊತ್ತಾಯಿತು, ಎಷ್ಟು ಖರ್ಚಾಯಿತು, ಸಾಲ ಯಾರದು. ಹೊರರಾಜ್ಯದಲ್ಲಿ ಸತ್ತಿದ್ದರೆ ಎಲ್ಲಿ. ಬರೆಯುವವರು ಇಬ್ಬರಿರಬೇಕು, ಅವರಲ್ಲಿ ಒಬ್ಬರು ಹೆಂಗಸು, ತಾಂಡಾದಲ್ಲಿ ತಾಂಡಾದವರೇ. ಸತ್ತವರ ಹೆಸರು ವಹಿಯಲ್ಲಿ ಬೇಡ, ಮನೆಗೊಂದು ಸಂಖ್ಯೆ ಸಾಕು. ಮುಗಿದ ಮೇಲೆ ಒಟ್ಟು ಅಂಕಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಒಂದು ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ, ಇನ್ನೊಂದನ್ನು ಕಡಗಂಚಿಯ ಕುಲಸಚಿವರಿಗೆ ಸ್ವೀಕೃತಿ ಪಡೆದು ಕೊಡುವುದು. ಯುಗಾದಿಯನ್ನು ಆರಿಸಿದ್ದು ಯಾಕೆಂದರೆ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋದವರು ಬಹಳ ಮಂದಿ ಹಬ್ಬಕ್ಕೆ ಊರಲ್ಲಿರುತ್ತಾರೆ. ಪುಣೆಯಲ್ಲಿ ಏನಾಯಿತು ಎಂದು ಹೇಳಬಲ್ಲವರು ಅವರೇ.